ಪುಣೆದಾಗ ಸೀದಾ ಥರ್ಡ್ ಇಯರ್, ಇಲ್ಲಾ ಗೋವಾದಾಗ ಸೆಕೆಂಡ್ ಇಯರ್? ಎರಡೂ ಕಡೆ ಕುಂತು ನೋಡಿದ ಮ್ಯಾಲೆ

ಮೊದ್ಲ ಹೇಳಿಬಿಡ್ತೀನಿ, ನನ್ನ ಓಟು ಗೋವಾಕ್ಕ. ಅದೂ ಒಂದು ವರ್ಷ ಕೆಳಗಿಳದು ಸೆಕೆಂಡ್ ಇಯರ್‌ಗೆ ಸೇರಿದ್ದಕ್ಕ. ಧಾರವಾಡದಾಗ ಬಿಎಸ್ಸಿ ಎರಡು ವರ್ಷ ಮುಗದಿತ್ತು, ಮೂರು ಸಬ್ಜೆಕ್ಟಿನಾಗ ಜಿಯಾಲಜಿ ಒಂದು, ಅಷ್ಟರಾಗ ಅಪ್ಪಗ ಗೋವಾದ ವಾಸ್ಕೋಕ್ಕ ಟ್ರಾನ್ಸ್‌ಫರ್ ಆತು. ಪುಣೆದ ಒಂದು ಕಾಲೇಜು ಥರ್ಡ್ ಇಯರ್‌ಗೇ ತಗೋತೀವಿ ಅಂತು, ಚಿಂಚವಡದಾಗ ಮಾಮಾನ ಮನಿ ಬ್ಯಾರೆ ಇತ್ತು, ಹೋದೆ. ಮುಂಬೈ ಲೆಕ್ಕಕ್ಕ ತಗೊಳ್ಳಲೇ ಇಲ್ಲ, ಅಲ್ಲಿ ಪಿಜಿ ಬಾಡಿಗಿ ಕೇಳಿದ ಕೂಡ್ಲೇ ಫೋನ್ ಇಟ್ಟೆ.

ಪುಣೆದಾಗ ಪಾಠ ಚಲೋನೇ ಇತ್ತು, ಮೈಕ್ರೋಸ್ಕೋಪ್ ಒಬ್ಬೊಬ್ಬರಿಗೆ ಒಂದೊಂದು, ಜ್ಯಾಮ್ ಎಕ್ಸಾಮಿಗೆ (ಐಐಟಿ ಎಂಎಸ್ಸಿ ಎಂಟ್ರನ್ಸ್) ಓದೋ ಗೆಳ್ಯಾರು ಸುತ್ತ. ಕಾಡಿದ್ದು ಒಂದೇ ಒಂದು, ಫೀಲ್ಡ್ ವರ್ಕ್, ಅಂದ್ರ ಹೊರಗ ಹೋಗಿ ಕಲ್ಲು ನೋಡಿ ರಿಪೋರ್ಟ್ ಬರಿಯೋದು.

ನಮ್ಮ ಹಳೇ ಕಾಲೇಜಿನಾಗ ಫೀಲ್ಡ್ ಟೂರ್ ಪ್ರ್ಯಾಕ್ಟಿಕಲ್ ಮಾರ್ಕ್ಸ್ ಒಳಗೇ ಸೇರಿಕೊಂಡಿರ್ತಿತ್ತು, ಮಾರ್ಕ್ಸ್ ಕಾರ್ಡಿನಾಗ ಬ್ಯಾರೆ ಸಾಲು ಅಂತ ಇಲ್ಲ. ಪುಣೆದಾಗ ಫೀಲ್ಡ್ ವರ್ಕಿಗೆ ಬ್ಯಾರೆ ಕ್ರೆಡಿಟ್. ನಿಂದು ಎಲ್ಲಿ ಅಂತ ಕೇಳಿದ್ರು. ಧಾರವಾಡದ ಎಚ್‌ಓಡಿ ಕಡಿಂದ ಲೆಟರ್ ತಂದೆ, ಹೌದಪಾ ಇವ ಟೂರಿಗೆ ಬಂದಿದ್ದ, ರಿಪೋರ್ಟ್ ಬರದಾನ ಅಂತ. ಕಾಲೇಜಿನ ಲೆಟರ್ ನಡಿಯಂಗಿಲ್ಲ, ಯೂನಿವರ್ಸಿಟಿದು ಬೇಕು ಅಂದ್ರು. ಯೂನಿವರ್ಸಿಟಿಗೆ ಹೋದ್ರ ಅಂಥಾ ಲೆಟರ್ ನಾವು ಕೊಡೂದಿಲ್ಲ, ಸಿಲಬಸ್ಸಿನಾಗ ಬರದೈತಿ ನೋಡ್ಕೋರಿ ಅಂದ್ರು. ಸಿಲಬಸ್ ಪ್ರಿಂಟ್ ಮಾಡಿಸಿ ಸಹಿ ಶಿಕ್ಕಾ ಹಾಕಿಸಿ ತಂದೆ, ಆವಾಗ ಸಿಲಬಸ್ ಸರಿ, ಆದ್ರ ನೀ ಹೋಗಿದ್ದಕ್ಕ ಒರಿಜಿನಲ್ ಫೀಲ್ಡ್ ಜರ್ನಲ್ (ಟೂರಿನ ನೋಟ್ಸ್ ಬರದ ಬುಕ್ಕು) ತೋರ್ಸು ಅಂದ್ರು. ಆ ಜರ್ನಲ್ ಎಕ್ಸಾಮ್ ಮುಗದ ಮ್ಯಾಲೆ ಕಾಲೇಜಿನವ್ರ ಕಡೇನೇ ಉಳದಿತ್ತು, ಹುಡುಕಾಕ ಹೋದ್ರ ಸ್ಟೋರ್ ರೂಮ್ ಖಾಲಿ ಮಾಡಿ ರದ್ದಿಗೆ ಹಾಕಿ ಆಗಿತ್ತು.

ಇದೆಲ್ಲಾ ನಡಿಯೋವಾಗ ಅಡ್ಮಿಷನ್ ಪ್ರೊವಿಜನಲ್. ಪ್ರೊವಿಜನಲ್ ಅಂದ್ರ ಫೀ ತಗೋತಾರ, ಕ್ಲಾಸಿಗೆ ಕುಂಡರ್ಸ್ತಾರ, ಆದ್ರ ಎಲಿಜಿಬಿಲಿಟಿ, ಅಂದ್ರ ಯೂನಿವರ್ಸಿಟಿ ಒಪ್ಪಿಗಿ, ಬರೋತನ ಎಕ್ಸಾಮ್ ಫಾರ್ಮ್ ತುಂಬಾಕ ಆಗಂಗಿಲ್ಲ. ಕ್ಲರ್ಕ್ ಮನುಷ್ಯಾ ಒಳ್ಳೇವನ ಇದ್ದ, ಚಾನೂ ಕುಡಿಸಿದ, ಆದ್ರ ಅವನ ಕೈಯಾಗ ಏನೂ ಇರ್ಲಿಲ್ಲ.

ಇನ್ನೊಂದು ಲೆಕ್ಕ ಸೀನಿಯರ್ ಒಬ್ಬ ಹೇಳಿದ. ಮೂರು ವರ್ಷದ ಡಿಗ್ರಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಯುಜಿಸಿದು 2021ರ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಗಳಿಸಿದ ಕ್ರೆಡಿಟ್ ಜಮಾ ಇಡೋ ಖಾತೆ) ರೂಲ್ ಪ್ರಕಾರ ಡಿಗ್ರಿ ಕೊಡೋ ಸಂಸ್ಥೆದಾಗ ಅರ್ಧಾನರ ಕ್ರೆಡಿಟ್ ಗಳಿಸಿರಬೇಕು. ನಾ ಹೊರಗಿಂದ 80 ಹೊತ್ಕೊಂಡು ಬಂದ್ರ ಇಲ್ಲಿ ಒಂದು ವರ್ಷಕ್ಕ ಸಿಗೂದು 40, ಅಂದ್ರ ಮೂರನೇ ಒಂದು ಪಾಲು. ಆನರ್ಸ್ ಮಾಡಿದ್ರಷ್ಟೇ 80ಕ್ಕ 80 ಸರಿ ಆಗ್ತದ. ಹಂಗಂದ್ರ ಸೀದಾ ಥರ್ಡ್ ಸೇರಿ ಉಳಿಸಿದ ಆ ಒಂದು ವರ್ಷ ಎಲ್ಲಿ ಉಳೀತು? ಪುಣೆದಾಗ ಥರ್ಡ್ ಮತ್ತ ಫೋರ್ತ್, ಗೋವಾದಾಗ ಸೆಕೆಂಡ್ ಮತ್ತ ಥರ್ಡ್, ಎರಡೂ ಕಡೆ ಎರಡೆರಡೇ ವರ್ಷ. ಆನರ್ಸ್ ಇದ್ರ ಮುಂದ ಎಂಎಸ್ಸಿ ಒಂದೇ ವರ್ಷಕ್ಕ ಮುಗಿಸೋ ದಾರಿ ಐತಿ, ಆ ಪಾಯಿಂಟ್ ಪುಣೆಗೆ ಕೊಟ್ಟೆ. ಕರ್ನಾಟಕದಾಗ ಹೊಸದಾಗಿ ಸೇರೋರಿಗೆ 2024-25ರಿಂದ ನಾಲ್ಕನೇ ವರ್ಷಾನೇ ತಗದಾರ, ಅದು ಬ್ಯಾರೆ ಕತಿ.

ಗೋವಾದಾಗ ಬಿಎಸ್ಸಿ ಜಿಯಾಲಜಿ ಅಂದ್ರ ಮಡಗಾಂವ್‌ನ ಚೌಗುಲೆ, ಮಿರಾಮಾರ್‌ನ ಧೆಂಪೆ, ಇವೆರಡರ ಹೆಸರೇ ಎಲ್ಲರ ಬಾಯಾಗ. ನಾ ಪುಣೆ ಬಿಟ್ಟು ಬಂದು ಸೇರಿದಲ್ಲಿ ಫಸ್ಟ್ ಇಯರ್ ಕ್ರೆಡಿಟ್ ನೋಡಿದ್ರು, ಮೈಗ್ರೇಷನ್ ಸರ್ಟಿಫಿಕೇಟ್ ಇಟ್ಕೊಂಡ್ರು, ಮುಗೀತು. ಫೀಲ್ಡ್ ವರ್ಕ್ ಪ್ರಶ್ನೆನ ಬರ್ಲಿಲ್ಲ, ಯಾಕಂದ್ರ ಅದನ್ನ ಇವರ ಜೋಡೀನೇ ಮಾಡ್ತೀನಲ್ಲ.

ಆದ್ರ ನಂಗ ಖರೇ ಹಿಡಿಸಿದ್ದು ಕಲ್ಲು. ಪುಣೆ ಸುತ್ತ ಎಲ್ಲಿ ಹೋದ್ರೂ ಡೆಕ್ಕನ್ ಟ್ರ್ಯಾಪ್, 6.6 ಕೋಟಿ ವರ್ಷದ ಆಸುಪಾಸಿನ ಬಸಾಲ್ಟ್, ಅಂದ್ರ ಲಾವಾ ಆರಿ ಆದ ಕರಿ ಕಲ್ಲು. ಆ ಕಲ್ಲಿನ ಪೊಳ್ಳಿನಾಗ ಬೆಳಿಯೋ ಝಿಯೋಲೈಟ್ ಹರಳಿನ ಹುಚ್ಚಿರೋರಿಗೆ ಸ್ವರ್ಗ, ವಾಘೋಲಿ ಕ್ವಾರಿದಾಗ ಸಿಕ್ಕ ನೀಲಿ ಕ್ಯಾವನ್ಸೈಟ್‌ಗೆ ಜಗತ್ತಿನ ಮ್ಯೂಸಿಯಮ್ಮಿನೋರು ಮುಗಿಬೀಳ್ತಾರ. ನಾ ಮಾತ್ರ ಎರಡು ವರ್ಷ ಶಿಸ್ಟ್ (ಪದರ ಪದರ ಕಲ್ಲು) ಹಿಡದು ಕ್ಲಿವೇಜ್ (ಅದು ಸೀಳೋ ದಿಕ್ಕು) ಅಳದವ, ಲಾವಾ ಫ್ಲೋ ಮ್ಯಾಲೆ ಫ್ಲೋ ಎಣಿಸೋವಾಗ ನಂದೇನೂ ಉಪಯೋಗಕ್ಕ ಬರ್ಲಿಲ್ಲ. ಗೋವಾದ ಹಳೇ ಕಲ್ಲು ಧಾರವಾಡ ಸೂಪರ್‌ಗ್ರೂಪ್ ಅನ್ನೋ ಪುರಾತನ ಕಲ್ಲಿನ ಗುಂಪಿನ ಲೆಕ್ಕಕ್ಕೇ ಬರ್ತಾವ, ನಮ್ಮ ಕಡಿ ಬೆಲ್ಟೇ ಘಟ್ಟ ಇಳದು ಬಂದಂಗ. ಅದೇ ಶಿಸ್ಟ್, ಅದೇ ಪಟ್ಟಿ ಪಟ್ಟಿ ಕಬ್ಬಿಣದ ಕಲ್ಲು. ಅನಮೋಡ ಘಟ್ಟದ ನೈಸ್ (gneiss) ಅನ್ನೋ ಪಟ್ಟಿ ಕಲ್ಲು ಸುಮಾರು 340 ಕೋಟಿ ವರ್ಷದ್ದು, ಹುಬ್ಬಳ್ಳಿ ಬಸ್ಸಿನಾಗ ಎಷ್ಟೋ ಸಲ ಆ ದಾರೀಲೆ ನಿದ್ದಿ ಹೊಡ್ಕೋತ ಹೋಗೀನಿ. ಕ್ಲಾಸಿನಾಗ ಹೊಸಬ ಅನ್ನೋ ಹೆದರಿಕಿ ಮೊದಲ್ನೇ ಫೀಲ್ಡಿಗೇ ಹೋತು.

ಗೋವಾದ ತಕರಾರು ಅಂದ್ರ ಲ್ಯಾಟರೈಟ್. ಎಲ್ಲಾದರ ಮ್ಯಾಲೂ ಕೆಂಪು ಹೊದಿಕಿ, ಫ್ರೆಶ್ ಕಲ್ಲು ಬೇಕಂದ್ರ ರೋಡ್ ಕಟಿಂಗೋ ಹಳೇ ಗಣೀನೋ ಹುಡುಕಬೇಕು. ಜೂನಿಂದ ಸೆಪ್ಟೆಂಬರ್ ಫೀಲ್ಡ್ ಮಾತು ಬ್ಯಾಡ. ಮೈನಿಂಗ್ ಕಂಪನಿ ನೌಕರಿ ಆಸೆ ಇಟ್ಕೊಂಡು ಬರಬ್ಯಾಡ್ರಿ, ಸುಪ್ರೀಂ ಕೋರ್ಟ್ 2012ರಾಗ ಒಮ್ಮೆ, 2018ರಾಗ ಇನ್ನೊಮ್ಮೆ ನಿಲ್ಲಿಸಿದ ಮ್ಯಾಲೆ ಹಳೇ ಜೋರು ಇಲ್ಲ.

ಖರ್ಚು: ವಾಸ್ಕೋದಾಗ ಅವ್ವನ ಕೈ ರೊಟ್ಟಿ, ಕದಂಬ ಬಸ್ಸು. ಪುಣೆದಾಗ ಮಾಮಾನ ಮನಿ ಇದ್ರೂ ಮಾಮಿ ಮುಖ ನೋಡ್ಕೋತ ಎಷ್ಟು ದಿನ. ಜಿಎಸ್‌ಐ (ಜಿಯಾಲಾಜಿಕಲ್ ಸರ್ವೇ ಆಫ್ ಇಂಡಿಯಾ ನೌಕರಿ) ಎಕ್ಸಾಮಿಗೆ ಹೆಂಗೂ ಎಂಎಸ್ಸಿ ಆಗ್ಬೇಕು, ಬಿಎಸ್ಸಿ ಎಲ್ಲಿ ಮಾಡಿದಿ ಅಂತ ಅಲ್ಲಿ ಯಾರೂ ಕೇಳಂಗಿಲ್ಲ.

ವಿಜಯಪುರ, ಕಲಬುರಗಿ ಕಡೆಯೋರಾದ್ರ ನನ್ನ ಮಾತು ಪೂರ್ತಿ ಕೇಳಬ್ಯಾಡ್ರಿ. ನಿಮ್ಮ ಕಾಲಕೆಳಗ ಅದೇ ಟ್ರ್ಯಾಪ್ ಐತಿ, ನಿಮಗ ಪುಣೆನ ಸಲೀಸು ಆಗಬಹುದು. ಆದ್ರ ಊರು ಬಿಡೋಕ್ಕಿಂತ ಮೊದ್ಲ ಫೀಲ್ಡ್ ಜರ್ನಲ್ ವಾಪಸ್ ಇಸ್ಕೊಂಡು ಬರ್ರಿ.