ಜುಟ್ಟು ಹೋಯಿತು, ಕೈನಡುಕ ನಿಂತಿತು: ಅಪ್ಪನ ಫೋಕಸ್ಡ್ ಅಲ್ಟ್ರಾಸೌಂಡ್ ಅನುಭವ

5ಕ್ಕೆ 4 ಸ್ಟಾರ್. ಕಡಿಮೆಯಾದ ಒಂದು ಸ್ಟಾರ್ ಚಿಕಿತ್ಸೆಗಲ್ಲ, ಆಮೇಲೆ ಪಟ್ಟ ಪಾಡಿಗೆ.

ಅಪ್ಪನಿಗೆ 71 ವರ್ಷ, ನಮ್ಮೂರ ದೇವಸ್ಥಾನದಲ್ಲಿ ಅರ್ಚಕರು. ಹತ್ತು ವರ್ಷದಿಂದ ಕೈನಡುಕ, ಬಲಗೈಗೆ ಜಾಸ್ತಿ. ತೊಡೆ ಮೇಲೆ ಕೈ ಇಟ್ಟು ಸುಮ್ನೆ ಕೂತಿದ್ದರೆ ಏನೂ ಇಲ್ಲ. ಉದ್ಧರಣೆ ಹಿಡಿದು ತೀರ್ಥ ಕೊಡೋಕೆ ಹೋದರೆ ಶುರು, ಅರ್ಧ ಭಕ್ತರ ಅಂಗೈಗೆ, ಅರ್ಧ ಅವರ ಸೀರೆಗೆ.

ಇದರ ಹೆಸರು ಎಸೆನ್ಷಿಯಲ್ ಟ್ರೆಮರ್. ಮೊದಲು ನೋಡಿದ ಡಾಕ್ಟರು ಪಾರ್ಕಿನ್ಸನ್ ಅಂದುಕೊಂಡು ಎರಡು ವರ್ಷ ಅದರ ಮಾತ್ರೆ ನುಂಗಿಸಿದರು. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗ ಬರುತ್ತದೆ, ಇದು ಕೈಗೆ ಕೆಲಸ ಕೊಟ್ಟಾಗ. ಇಷ್ಟು ತಿಳಿಯೋಕೆ ನಮಗೆ ಮೂರನೇ ಡಾಕ್ಟರು ಬೇಕಾಯಿತು. ಆಮೇಲೆ ಪ್ರೊಪ್ರಾನೊಲಾಲ್ ಕೊಟ್ಟರು, ನಾಡಿ ತೀರಾ ನಿಧಾನವಾಯಿತು. ಪ್ರಿಮಿಡೋನ್ ಕೊಟ್ಟರು, ಸಹಸ್ರನಾಮದ ಮಧ್ಯೆ ತೂಕಡಿಕೆ. ಇನ್ನು ಉಳಿದಿದ್ದು ಡಿಬಿಎಸ್, ಅಂದರೆ ತಲೆಬುರುಡೆಗೆ ತೂತು ಕೊರೆದು ಮಿದುಳಿಗೆ ತಂತಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ. ಅಪ್ಪ ಕೇಳಿದ ಕೂಡಲೇ ಎದ್ದು ಹೊರಗೆ ಹೋದರು.

ಫೋಕಸ್ಡ್ ಅಲ್ಟ್ರಾಸೌಂಡ್‌ನಲ್ಲಿ ಕೊಯ್ಯುವುದಿಲ್ಲ, ತೂತಿಲ್ಲ, ಹೊರಗಿನಿಂದಲೇ ಶಬ್ದದ ಅಲೆ ಬಿಟ್ಟು ಮಿದುಳಿನ ಒಂದು ಚುಕ್ಕೆಯನ್ನು ಸುಡುತ್ತಾರೆ. ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಬುರುಡೆಯ ಮೂಳೆ ಎಂಥದ್ದು ಅಂತ ಲೆಕ್ಕ ಹಾಕುತ್ತಾರೆ, ಯಾಕಂದರೆ ಕೆಲವರ ಮೂಳೆ ಶಬ್ದದ ಅಲೆಯನ್ನು ಒಳಗೇ ಬಿಡುವುದಿಲ್ಲ. ಬುರುಡೆಯ ಒಳಪದರದ ಮೆದು ಮೂಳೆಗೂ ಹೊರಗಿನ ಗಟ್ಟಿ ಮೂಳೆಗೂ ಇರುವ ಸಾಂದ್ರತೆಯ ಅನುಪಾತ 0.4 ದಾಟಿದ್ದರೆ ಒಳ್ಳೆಯದು. ಅಪ್ಪನದು 0.47. ‘ತಲೆ ಪಾಸಾಯಿತು’ ಅಂದೆ, ನಗಲಿಲ್ಲ.

ನಿಜವಾದ ತಕರಾರು ಬಂದಿದ್ದು ಜುಟ್ಟಿಗೆ. ಒಂದು ಕೂದಲೂ ಇರಕೂಡದು, ಇದ್ದರೆ ಅಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಚರ್ಮ ಸುಡಬಹುದು ಅಂದರು. ಮಿದುಳು ಸುಡುವುದಕ್ಕೆ ಒಪ್ಪಿದ ಮನುಷ್ಯ ಜುಟ್ಟಿಗೆ ಎರಡು ವಾರ ಸತಾಯಿಸಿದರು. ಕೊನೆಗೆ ನಮ್ಮ ಅತ್ತೆ, ಅಂದರೆ ಅವರ ಅಕ್ಕ, ‘ತಿರುಪತಿಗೆ ಕೊಟ್ಟೆ ಅಂದ್ಕೋ’ ಅಂತ ಗದರಿದ ಮೇಲೆ ಕ್ಷೌರವಾಯಿತು.

ಆ ದಿನ ತಲೆಗೆ ನಾಲ್ಕು ಸ್ಕ್ರೂಗಳ ಚೌಕಟ್ಟು ಬಿಗಿದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರೂ ಇಡೀ ದಿನದಲ್ಲಿ ಅಪ್ಪನಿಗೆ ಕೆಟ್ಟದ್ದೆನಿಸಿದ್ದು ಅದೇ. ಆಮೇಲೆ ಎಂಆರ್‌ಐ ಒಳಗೆ, ತಲೆ ಸುತ್ತ ತಣ್ಣೀರು ಹರಿಯುವ ಹೆಲ್ಮೆಟ್. ಅದರಲ್ಲಿ 1024 ಪುಟ್ಟ ಪುಟ್ಟ ಶಬ್ದದ ಮೂಲಗಳು. ಒಂದೊಂದೇ ಆದರೆ ಏನೂ ಮಾಡುವುದಿಲ್ಲ, ಎಲ್ಲ ಸೇರುವ ಕಡೆ, ಮಿದುಳಿನ ಆಳದ ಥಲಾಮಸ್ ಅನ್ನುವ ಭಾಗದಲ್ಲಿ ಹೆಸರುಕಾಳಿನಷ್ಟು ಜಾಗ 55ರಿಂದ 60 ಡಿಗ್ರಿ ಬಿಸಿಯಾಗಿ ಸತ್ತುಹೋಗುತ್ತದೆ. ಬಲಗೈಗೆ ಎಡಮಿದುಳು. ಎಷ್ಟು ಬಿಸಿಯಾಯಿತು ಅನ್ನುವುದು ಎಂಆರ್‌ಐನಲ್ಲೇ ಕಾಣುತ್ತದೆ. ಮೊದಲು ಕಡಿಮೆ ಬಿಸಿಯಲ್ಲಿ ಪರೀಕ್ಷೆ ಮಾಡಿ, ಜಾಗ ಸರಿ ಇದೆಯಾ ಅಂತ ಕೈ ನೋಡುತ್ತಾರೆ. ಎಚ್ಚರವಾಗಿಯೇ ಇರಬೇಕು. ಪ್ರತಿ ಸಲ ಹತ್ತಿಪ್ಪತ್ತು ಸೆಕೆಂಡ್, ತಲೆಯೊಳಗೆ ಕಾದ ಹಾಗೆ, ತಲೆ ಸುತ್ತಿದ ಹಾಗೆ ಆಗುತ್ತಿತ್ತಂತೆ. ಪ್ರತಿ ಸಲ ಆದಮೇಲೆ ಮಲಗಿದ ಕಡೆಯೇ ಪ್ಯಾಡ್ ಹಿಡಿದು ಸುರುಳಿ ಬರೆಸಿದರು. ಆ ಹಾಳೆಗಳು ನಮ್ಮ ಹತ್ತಿರ ಇವೆ. ಮೊದಲನೆಯದು ಗರಗಸದ ಹಲ್ಲು. ಐದನೆಯದರಲ್ಲಿ ಗೆರೆ ನೆಟ್ಟಗಾಗುತ್ತಾ ಬಂದಿದೆ. ಒಂಬತ್ತನೆಯದು ಚಕ್ಕುಲಿ! ಅದರ ಕೆಳಗೆ, ಯಾರೂ ಹೇಳದೆಯೇ, ಅಪ್ಪ ‘ಶ್ರೀರಾಮ’ ಅಂತ ಬರೆದಿದ್ದಾರೆ.

ಈಗ ದೂರು. ಮರುದಿನ ಡಿಸ್ಚಾರ್ಜ್ ಮಾಡಿದರು, ಆಸ್ಪತ್ರೆಯ ಹೆಸರು ಬೇಡ. ನಡಿಗೆ ತೂರಾಡಬಹುದು ಅಂತ ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿತ್ತಂತೆ, ಬಾಯಲ್ಲಿ ಯಾರೂ ಹೇಳಲಿಲ್ಲ. ಮನೆ ಮೆಟ್ಟಿಲಲ್ಲಿ ಅಪ್ಪ ವಾಲಿದಾಗಲೇ ನಮಗೆ ಗೊತ್ತಾಗಿದ್ದು. ಮೂರು ವಾರ ಕೋಲು ಬೇಕಾಯಿತು. ತುಟಿಯ ಒಂದು ಬದಿ ಜುಮ್ಮೆನ್ನುವುದು ಇನ್ನೂ ಸ್ವಲ್ಪ ಇದೆ. 2016ರಲ್ಲಿ ಪ್ರಕಟವಾದ 76 ಜನರ ಮೇಲಿನ ಇದೇ ಚಿಕಿತ್ಸೆಯ ಟ್ರಯಲ್‌ನಲ್ಲೂ ಚಿಕಿತ್ಸೆ ಪಡೆದವರಲ್ಲಿ ಶುರುವಿಗೆ ನೂರಕ್ಕೆ 36 ಜನರಿಗೆ ನಡಿಗೆಯ ತೊಂದರೆ ಇತ್ತು, ವರ್ಷದ ಹೊತ್ತಿಗೆ ಅದು 9ಕ್ಕೆ ಇಳಿದಿತ್ತು. ಇಷ್ಟನ್ನು ಎರಡು ನಿಮಿಷ ಕೂರಿಸಿ ಹೇಳಬಾರದಿತ್ತಾ?

ಇನ್ನು ಇನ್ಶೂರೆನ್ಸ್. ‘ಅಲ್ಟ್ರಾಸೌಂಡಾ? ಸ್ಕ್ಯಾನಿಂಗಿಗೆ ಇಷ್ಟು ಲಕ್ಷಾನಾ ಸಾರ್?’ ಅಂತ ಫೋನಿನಲ್ಲಿ ಕೇಳಿದ ಹುಡುಗನದು ತಪ್ಪಲ್ಲ ಬಿಡಿ. ವಿಮೆ ಕಂಪನಿಗಳು ಒಪ್ಪಬೇಕಾದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಡಿಬಿಎಸ್ ಹೆಸರು ನೇರವಾಗಿ ಇದೆ, ಫೋಕಸ್ಡ್ ಅಲ್ಟ್ರಾಸೌಂಡ್ ಹೆಸರು ಗರ್ಭಕೋಶದ ಚಿಕಿತ್ಸೆಯ ಜೊತೆಗೆ ಬರುತ್ತದೆ, ಅದನ್ನೇ ಹಿಡಿದುಕೊಂಡರು. ಹೋಗುವವರು ಮೊದಲೇ ಲಿಖಿತ ಒಪ್ಪಿಗೆ ತಗೊಳ್ಳಿ.

ಇನ್ನೊಂದು ಮಾತು. ಡಿಬಿಎಸ್ ಆದರೆ ಸೆಟ್ಟಿಂಗ್ ಬದಲಿಸಬಹುದು, ಆಫ್ ಮಾಡಬಹುದು. ಇಲ್ಲಿ ಸುಟ್ಟದ್ದು ಸುಟ್ಟಿತು. ಆ ಟ್ರಯಲ್‌ನಲ್ಲೂ ಕೈನಡುಕ ಸರಾಸರಿ ಅರ್ಧದಷ್ಟು ಇಳಿದಿತ್ತು ಅಷ್ಟೇ, ಎಲ್ಲರಿಗೂ ಅಪ್ಪನಷ್ಟು ಚೆನ್ನಾಗಿ ಆಗುತ್ತದೆ ಅಂತ ನಂಬಿ ಹೋಗಬೇಡಿ.

ಎಂಟು ತಿಂಗಳಾಯಿತು. ತೀರ್ಥ ಈಗ ಅಂಗೈಗೇ ಬೀಳುತ್ತದೆ. ಎಡಗೈ ಇನ್ನೂ ನಡುಗುತ್ತದೆ. ಅಮೆರಿಕದಲ್ಲಿ 2022ರ ಡಿಸೆಂಬರಿನಿಂದ, ಕನಿಷ್ಠ ಒಂಬತ್ತು ತಿಂಗಳು ಬಿಟ್ಟು ಇನ್ನೊಂದು ಬದಿಗೂ ಮಾಡಲು ಅನುಮತಿ ಇದೆ. ಕೇಳಿದ್ದಕ್ಕೆ ಅಪ್ಪ, ‘ಎಡಗೈಲಿ ಹಿಡಿಯೋದು ಗಂಟೆ ತಾನೆ, ನಡುಗಿದರೆ ನನಗೇ ಶ್ರಮ ಕಮ್ಮಿ’ ಅಂದರು. ಜುಟ್ಟು ಇನ್ನೂ ಗಂಟಿಗೆ ಸಿಗುವಷ್ಟು ಬೆಳೆದಿಲ್ಲ, ಅದನ್ನು ಮತ್ತೆ ಕೊಡೋಕೆ ಅವರು ತಯಾರಿಲ್ಲ.