ತಾರೆ, ಅಪರಾಧ, ಪ್ರೇಮ: ಮೂರು ಕೊರಿಯನ್ ಧಾರಾವಾಹಿಗಳಲ್ಲಿ ನನ್ನ ಮತ ‘ಕ್ಯಾಸ್ಟ್‌ಅವೇ ದೀವಾ’ಕ್ಕೆ

ಪಾಪ್ ಸಂಗೀತದ ತಾರೆ, ಬೆನ್ನಿಗೆ ಬಿದ್ದ ಒಂದು ಅಪರಾಧ, ಇವೆರಡರ ನಡುವೆ ಪ್ರೇಮ. ಈ ಮೂರನ್ನೂ ಒಟ್ಟಿಗೆ ಹೆಣೆಯುವ ಕೊರಿಯನ್ ಧಾರಾವಾಹಿಗಳಿಗೆ ಈಗ ಬರವಿಲ್ಲ. 2025ರ ಡಿಸೆಂಬರ್‌ನಲ್ಲಿ ‘ಐಡಲ್ ಐ’ ಶುರುವಾದ ಮೇಲಂತೂ ಕಚೇರಿಯ ಗೆಳತಿಯರು ಊಟದ ಹೊತ್ತಿಗೆ ಕೇಳುವುದು ಒಂದೇ ಪ್ರಶ್ನೆ: ಮೊದಲು ಯಾವುದನ್ನು ನೋಡಬೇಕು? ‘ಕ್ಯಾಸ್ಟ್‌ಅವೇ ದೀವಾ’ ಎನ್ನುತ್ತೇನೆ ನಾನು. ‘ಲವ್ಲಿ ರನ್ನರ್’ ಎಂದರೆ ಪ್ರಾಣ ಬಿಡುವವರು ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ. ‘ಲವ್ಲಿ ರನ್ನರ್’ ನೋಡಲೆಂದೇ ಇನ್ನೊಂದು ಸ್ಟ್ರೀಮಿಂಗ್ ಸೇವೆಗೆ ಎರಡನೆಯ ಚಂದಾ ಕಟ್ಟಿದವಳು ನಾನು.

ಇವೆರಡೂ ಕೊರಿಯಾದ ಟಿವಿಎನ್ ವಾಹಿನಿಯವೇ. ‘ಕ್ಯಾಸ್ಟ್‌ಅವೇ ದೀವಾ’ 2023ರ ಅಕ್ಟೋಬರ್ ಕೊನೆಯಿಂದ ಶನಿವಾರ, ಭಾನುವಾರಗಳಂದು ಬಂತು. ‘ಲವ್ಲಿ ರನ್ನರ್’ 2024ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಸೋಮವಾರ, ಮಂಗಳವಾರಗಳಂದು. ಮೊದಲನೆಯದಕ್ಕೆ 12 ಕಂತು, ಎರಡನೆಯದಕ್ಕೆ 16. ಈ ನಾಲ್ಕು ಕಂತುಗಳ ವ್ಯತ್ಯಾಸ ಸಣ್ಣದಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

‘ಲವ್ಲಿ ರನ್ನರ್’ ಕಥೆ ಗೊತ್ತಿಲ್ಲದವರು ಕಡಿಮೆ. ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ಇಮ್ ಸೋಲ್‌ಗೆ ‘ಎಕ್ಲಿಪ್ಸ್’ ಬ್ಯಾಂಡಿನ ಗಾಯಕ ರ್ಯೂ ಸನ್-ಜೇ ಬದುಕಿನ ಆಸರೆ. ಅವನು ಸತ್ತ ರಾತ್ರಿ ಒಂದು ಕೈಗಡಿಯಾರ ಅವಳನ್ನು 2008ಕ್ಕೆ ಒಯ್ದು ಬಿಡುತ್ತದೆ. ಅಲ್ಲಿ ಅವನಿನ್ನೂ ಪಕ್ಕದ ಮನೆಯ ಹುಡುಗ, ಶಾಲೆಯ ಈಜುಗಾರ. ಅವನನ್ನು ಉಳಿಸಿಕೊಳ್ಳಲು ಅವಳು ಮತ್ತೆ ಮತ್ತೆ ಹಿಂದಕ್ಕೆ ಓಡುತ್ತಾಳೆ. ಈ ಪಾತ್ರಗಳನ್ನು ಮಾಡಿದ ಕಿಮ್ ಹೆ-ಯೂನ್ ಮತ್ತು ಬ್ಯೊನ್ ವೂ-ಸೊಕ್ ಜೋಡಿಯ ಬಗ್ಗೆ ನನ್ನದು ಒಂದು ದೂರೂ ಇಲ್ಲ. ಕೊಡೆ ಹಿಡಿದು ಅವಳು ಮಳೆಯಲ್ಲಿ ಓಡಿ ಬರುವಾಗ ಅವನ ಕಣ್ಣು ನೋಡಿ ಕರಗದವರು ಯಾರು? ಪ್ರೇಮಕ್ಕೆ ಮಾತ್ರ ಅಂಕ ಕೊಡುವುದಾದರೆ ಸ್ಪರ್ಧೆ ಇಲ್ಲಿಗೇ ಮುಗಿಯಿತು.

ನನ್ನ ತಕರಾರಿರುವುದು ಟ್ಯಾಕ್ಸಿ ಚಾಲಕನ ಬಗ್ಗೆ. ಸೋಲ್‌ಳನ್ನು ಅಪಹರಿಸುವ ಆ ಸರಣಿ ಕೊಲೆಗಾರ ಎಲ್ಲಿಂದ ಬಂದ, ಅವನಿಗೇನು ಬೇಕು, ಎಂಬುದಕ್ಕೆ ಕಥೆ ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ರೇಮಿಗಳು ಹತ್ತಿರವಾದರೆಂದರೆ ಅವನು ಪ್ರತ್ಯಕ್ಷ. ಅವರನ್ನು ಅಗಲಿಸಿ ಮುಗಿಯಿತೆಂದರೆ ಮಾಯ. ಸನ್-ಜೇ ಗಾಯಕನಾಗದೆ ಬೇಕರಿ ಇಟ್ಟಿದ್ದರೂ ಆ ಚಾಲಕನ ಕೆಲಸದಲ್ಲಿ ಏನೂ ಬದಲಾಗುತ್ತಿರಲಿಲ್ಲ. ತಾರೆಯ ಕಥೆ ಒಂದು ದಾರಿ, ಕೊಲೆಗಾರನ ಕಥೆ ಇನ್ನೊಂದು ದಾರಿ. ಎರಡನ್ನೂ ಆ ಗಡಿಯಾರ ಹೇಗೋ ಜಗ್ಗಿ ಒಂದೆಡೆ ತಂದು ನಿಲ್ಲಿಸುತ್ತದೆ. ಅವನು ತಪ್ಪಿಸಿಕೊಂಡು ಮರಳಿದಾಗೆಲ್ಲ ನನಗೆ ಭಯಕ್ಕಿಂತ ಆಕಳಿಕೆಯೇ ಮೊದಲು ಬಂತು.

‘ಕ್ಯಾಸ್ಟ್‌ಅವೇ ದೀವಾ’ದಲ್ಲಿ ಹೀಗಾಗುವುದಿಲ್ಲ. ಸಣ್ಣ ದ್ವೀಪದ ಹುಡುಗಿ ಸಿಯೋ ಮೊಕ್-ಹಾ, ಹೊಡೆಯುವ ಅಪ್ಪನಿಂದ ತಪ್ಪಿಸಿಕೊಂಡು, ತಾನು ಆರಾಧಿಸುವ ಗಾಯಕಿ ಯೂನ್ ರಾನ್-ಜು ಹತ್ತಿರ ಹೋಗಬೇಕೆಂದು ಹೊರಡುತ್ತಾಳೆ. ಕಡಲಿಗೆ ಬಿದ್ದು ನಿರ್ಜನ ದ್ವೀಪ ಸೇರುತ್ತಾಳೆ. 15 ವರ್ಷಗಳ ನಂತರ ಪತ್ತೆಯಾಗಿ ಬಂದರೆ ರಾನ್-ಜು ಕಾಲ ಮುಗಿದಿರುತ್ತದೆ. ಅಂದು ತಪ್ಪಿಸಿಕೊಳ್ಳಲು ನೆರವಾದ ಸಹಪಾಠಿ ಕಿ-ಹೋ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಕಿ-ಹೋನ ಅಪ್ಪ ಪೊಲೀಸ್, ಮನೆಯಲ್ಲಿ ರಾಕ್ಷಸ. ಹೆಂಡತಿ ಮಗನನ್ನು ಅವನು ವರ್ಷಗಟ್ಟಲೆ ಹುಡುಕುತ್ತಲೇ ಇದ್ದಾನೆ.

ಕಥೆಯ ಗಂಟು ಇಲ್ಲಿದೆ. ತಾನು ಟಿ.ವಿ.ಯಲ್ಲಿ ಹಾಡಿದರೆ ಕಿ-ಹೋ ಎಲ್ಲಿದ್ದರೂ ನೋಡುತ್ತಾನೆ ಎಂಬುದು ಮೊಕ್-ಹಾಳ ಆಸೆ. ಆದರೆ ಅವಳನ್ನು ನೋಡುವುದು ಅವನೊಬ್ಬನೇ ಅಲ್ಲವಲ್ಲ! ಅವಳ ಮುಖ ಜನರಿಗೆ ಪರಿಚಯವಾದಷ್ಟೂ ಆ ಅಪ್ಪನಿಗೆ ಸುಳಿವು ಹತ್ತಿರವಾಗುತ್ತದೆ. ಕಣ್ಣಿಗೆ ಬೀಳುವುದೇ ಗಾಯಕಿಯ ಗೆಲುವು, ಅಡಗಿದ್ದವರಿಗೆ ಅದೇ ಅಪಾಯ. ಜೊತೆಗೆ, ಹಿಂಸೆಯಿಂದ ಓಡಿಹೋದ ಕುಟುಂಬ ಬೇರೆ ಹೆಸರುಗಳಲ್ಲಿ ಬದುಕುತ್ತಿರುವುದರಿಂದ ಕಾನೂನಿನ ಕಣ್ಣಲ್ಲಿ ಅವರೂ ತಪ್ಪಿತಸ್ಥರೇ. ಇಲ್ಲಿ ಅಪರಾಧವನ್ನು ಕಿತ್ತರೆ ಹಾಡೂ ಉಳಿಯುವುದಿಲ್ಲ, ಪ್ರೇಮವೂ ಉಳಿಯುವುದಿಲ್ಲ. ಇದರ ಲೇಖಕಿ ಪಾರ್ಕ್ ಹೇ-ರ್ಯೂನ್ ಹಿಂದೆ ಸಂಗೀತ ಶಾಲೆಯ ಧಾರಾವಾಹಿ ‘ಡ್ರೀಮ್ ಹೈ’ ಬರೆದವರು. ಸಂಗೀತದ ಲೋಕವನ್ನು ಹೊರಗಿನಿಂದ ಇಣುಕಿ ಬರೆದ ಹಾಗೆ ಕಾಣುವುದಿಲ್ಲ.

ಮೊಕ್-ಹಾ ಪಾತ್ರದ ಪಾರ್ಕ್ ಉನ್-ಬಿನ್ ಹಾಡುಗಳನ್ನು ತಾವೇ ಹಾಡಿದ್ದಾರೆ. ವೇದಿಕೆಯ ಮೇಲೆ ರಾನ್-ಜು ತುಟಿ ಆಡಿಸುತ್ತ, ಮರೆಯಲ್ಲಿ ಮೊಕ್-ಹಾ ದನಿ ಕೊಡುವ ಪ್ರಸಂಗವೊಂದಿದೆ. ಅದನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ.

ಈಗ ಆ ಎರಡನೆಯ ಚಂದಾದ ವಿಷಯ. ‘ಕ್ಯಾಸ್ಟ್‌ಅವೇ ದೀವಾ’ ಮನೆಯಲ್ಲಿ ಮೊದಲೇ ಇದ್ದ ಸೇವೆಯಲ್ಲಿ ಸಿಕ್ಕಿತು. ‘ಲವ್ಲಿ ರನ್ನರ್’ಗೆ ಇನ್ನೊಂದನ್ನು ಹಿಡಿಯಬೇಕಾಯಿತು, ಹೆಸರು ಬೇಡ. ಅಲ್ಲಿ ಮಾತುಗಳಿಗೆ ಉಪಶೀರ್ಷಿಕೆ ಉಂಟು, ಹಾಡಿಗಿಲ್ಲ. ಹಾಡು ಶುರುವಾದ ಕೂಡಲೇ ಪರದೆಯ ಕೆಳಗೆ ಸಂಗೀತದ ಒಂದು ಚಿಹ್ನೆ ಮೂಡಿ ಸುಮ್ಮನಾಗುತ್ತದೆ. ಬೇರೆ ಧಾರಾವಾಹಿಯಾಗಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ಇಲ್ಲಿ ಎಕ್ಲಿಪ್ಸ್‌ನ ‘ಸೊನಾಗಿ’ (ದಿಢೀರ್ ಮಳೆ) ಹಾಡು ಕಥೆಯ ಬೀಗದ ಕೈ. ಸನ್-ಜೇ ಅದನ್ನು ಬರೆದದ್ದು ಯಾರಿಗಾಗಿ, ಯಾವ ಮಳೆಯನ್ನು ನೆನೆದು ಎಂಬುದು ಸಾಲುಗಳಲ್ಲೇ ಇದೆ. ವರ್ಷಗಟ್ಟಲೆ ಅದನ್ನು ಕೇಳಿದ ಸೋಲ್‌ಗೇ ಅದು ತನ್ನ ಹಾಡೆಂದು ಗೊತ್ತಿರಲಿಲ್ಲ ಎನ್ನುವುದರಲ್ಲಿ ಇಡೀ ನೋವಿದೆ. ಅದನ್ನೇ ನುಂಗಿದರೆ ಪ್ರೇಕ್ಷಕರಿಗೆ ಉಳಿಯುವುದು ಗಿಟಾರ್ ಹಿಡಿದ ಚೆಂದದ ಹುಡುಗ ಮಾತ್ರ.

ಮೊಬೈಲ್ ಸಂದೇಶಗಳ ಗತಿಯೂ ಅದೇ. 2008ರ ಮಡಚುವ ಫೋನಿನ ಪರದೆಯನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ, ಸೋಲ್ ಬೆಚ್ಚುತ್ತಾಳೆ, ನಾನು ಕೊರಿಯನ್ ಅಕ್ಷರಗಳನ್ನು ಮಿಕಿಮಿಕಿ ನೋಡುತ್ತೇನೆ. ಅವಳು ಬೆಚ್ಚಿದ್ದು ಯಾಕೆಂದು ತಿಳಿಯಲು ಮುಂದಿನ ಸಂಭಾಷಣೆಗೆ ಕಾಯಬೇಕು. ದೂರು ಕೊಟ್ಟೆ. ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಎಂಬ ಉತ್ತರ ಬಂತು. ಹಾಗೇ ಮಾಡಿದೆ, ಸಂಗೀತದ ಚಿಹ್ನೆ ಮೊದಲಿಗಿಂತ ದಪ್ಪವಾಗಿ ಕಂಡಿತು, ಅಷ್ಟೇ. ಕೊನೆಗೆ ಟಿ.ವಿ. ನಿಲ್ಲಿಸಿ, ಫೋನಿನಲ್ಲಿ ಹಾಡಿನ ಸಾಹಿತ್ಯ ಹುಡುಕಿ, ಓದಿ, ಹಿಂದಕ್ಕೆ ಹೋಗಿ ಮತ್ತೆ ನೋಡುವ ಕ್ರಮ ಬಂತು. ಹೀಗೆ ನೋಡುವಾಗ ಯಾವ ಕಣ್ಣೀರು ತಾನೇ ಹೊತ್ತಿಗೆ ಸರಿಯಾಗಿ ಬಂದೀತು? ಧಾರಾವಾಹಿಯ ತಪ್ಪಲ್ಲ, ಒಪ್ಪುತ್ತೇನೆ. ಆದರೆ ಹಣ ಕೊಟ್ಟು ನೋಡಿದ್ದು ಇದೇ ರೂಪದಲ್ಲಿ, ಹಾಗಾಗಿ ತೀರ್ಪಿನಲ್ಲಿ ಇದೂ ಸೇರುತ್ತದೆ.

‘ಕ್ಯಾಸ್ಟ್‌ಅವೇ ದೀವಾ’ದ ಉಪಶೀರ್ಷಿಕೆಯಲ್ಲೂ ಒಂದು ನಷ್ಟವಿದೆ. ಮೊಕ್-ಹಾ ಆಡುವುದು ಜೊಲ್ಲಾ ಪ್ರಾಂತ್ಯದ ನುಡಿ. ರಾಜಧಾನಿ ಸಿಯೋಲ್‌ನವರ ನಡುವೆ ಅವಳ ದನಿ ಬೇರೆಯೇ ಕೇಳುತ್ತದೆ, ಬರಹದಲ್ಲಿ ಮಾತ್ರ ಎಲ್ಲರೂ ಒಂದೇ ಥರ ಮಾತನಾಡುತ್ತಾರೆ.

ಜನಪ್ರಿಯತೆಯ ಲೆಕ್ಕ ಹೇಳುವವರಿಗೆ ಒಂದು ಮಾತು. ಕೊರಿಯಾದ ಟಿ.ವಿ.ಯಲ್ಲಿ ‘ಲವ್ಲಿ ರನ್ನರ್’ ವೀಕ್ಷಕರ ಪ್ರಮಾಣ ಶೇ. 6 ಕೂಡ ಮುಟ್ಟಲಿಲ್ಲ. ‘ಕ್ಯಾಸ್ಟ್‌ಅವೇ ದೀವಾ’ ಶೇ. 3ರ ಆಸುಪಾಸಿನಲ್ಲಿ ಶುರುವಾಗಿ ಶೇ. 9ರ ಹತ್ತಿರ ಮುಗಿಯಿತು. ಆದರೂ ಹುಚ್ಚು ಹಿಡಿಸಿದ್ದು ‘ಲವ್ಲಿ ರನ್ನರ್’ ಎಂಬುದೇ ನಿಜ: ‘ಸೊನಾಗಿ’ ಕಥೆಯಿಂದ ಹೊರಬಿದ್ದು ಬಿಲ್‌ಬೋರ್ಡ್‌ನ ಜಾಗತಿಕ ಪಟ್ಟಿಯವರೆಗೂ ಹೋಯಿತು, ಇಲ್ಲದ ಬ್ಯಾಂಡಿನ ಹಾಡೊಂದು!

‘ಐಡಲ್ ಐ’ ಬಗ್ಗೆ ಚುಟುಕಾಗಿ. ಗುಟ್ಟಾಗಿ ಅಭಿಮಾನಿಯಾಗಿರುವ ವಕೀಲೆಯೊಬ್ಬಳು, ಬ್ಯಾಂಡಿನ ಗೆಳೆಯನನ್ನು ಕೊಂದ ಆರೋಪ ಹೊತ್ತ ತನ್ನ ಆರಾಧ್ಯ ಗಾಯಕನ ಪರ ವಾದಕ್ಕೆ ನಿಲ್ಲುತ್ತಾಳೆ. ವಕೀಲೆಯಾಗಿ ಪಾಪ್ ಗಾಯಕಿಯರ ತಂಡ ಗರ್ಲ್ಸ್ ಜನರೇಷನ್‌ನ ಸೂಯಂಗ್, ಗಾಯಕನಾಗಿ ಕಿಮ್ ಜೇ-ಯಂಗ್. ಅಭಿಮಾನಿಗಳಿಂದ ಆರಾಧನೆ ಪಡೆದವರೇ ಅಭಿಮಾನಿಯ ಪಾತ್ರ ಮಾಡುವುದು ನೋಡಲು ಮಜವಾಗಿದೆ. ಕೊಲೆ ಬ್ಯಾಂಡಿನ ಒಳಗೇ ನಡೆಯುವುದರಿಂದ ಟ್ಯಾಕ್ಸಿ ಚಾಲಕನ ತೊಂದರೆ ಇಲ್ಲ. ಬಿಡಿಸುವುದರಲ್ಲಿ ಮಾತ್ರ ದೀವಾದ ಬಿಗಿ ನನಗೆ ಕಾಣಲಿಲ್ಲ. ಎರಡನೆಯ ಸ್ಥಾನ ಕೊಡಲು ಅಡ್ಡಿಯಿಲ್ಲ.

ನಾನು ನೋಡುವುದು ರಾತ್ರಿ ಪಾತ್ರೆ ತೊಳೆದಾದ ಮೇಲೆ, ದಿನಕ್ಕೊಂದು ಕಂತು. 12 ಕಂತೆಂದರೆ ಎರಡು ವಾರದೊಳಗೆ ಮುಗಿಯುತ್ತದೆ, ಕಥೆಯ ಎಳೆ ತಪ್ಪುವುದಿಲ್ಲ. ‘ಲವ್ಲಿ ರನ್ನರ್’ ಕಾಲದಲ್ಲಿ ಹಿಂದೆ ಮುಂದೆ ಜಿಗಿಯುತ್ತದೆ. ನಡುವೆ ನೆಂಟರು ಬಂದು ಬಿಟ್ಟುಹೋದರೆ ಯಾವ ಸನ್-ಜೇಗೆ ಏನು ನೆನಪಿದೆ ಎಂದು ಮೊದಲಿಂದ ಲೆಕ್ಕ ಹಾಕಬೇಕು. ವಾರಾಂತ್ಯ ಪೂರ್ತಿ ಬಿಡುವಿದ್ದು, ಪ್ರೇಮವೇ ಮುಖ್ಯ ಎನ್ನುವವರು, ಹಾಡಿಗೂ ಉಪಶೀರ್ಷಿಕೆ ಇರುವ ಕಡೆ ಸಿಕ್ಕರೆ ಅದನ್ನೇ ನೋಡಲಿ. ಮೊದಲು ಉಚಿತ ಕಂತಿನಲ್ಲಿ ಒಂದು ಹಾಡು ಹಾಕಿ ಪರೀಕ್ಷಿಸಿ, ಆಮೇಲೆ ಹಣ ಕಟ್ಟಿ.

ಮಕ್ಕಳ ಜೊತೆ ಕೂರುವವರಿಗೆ ಇನ್ನೊಂದು ಎಚ್ಚರಿಕೆ: ‘ಕ್ಯಾಸ್ಟ್‌ಅವೇ ದೀವಾ’ದ ಮೊದಲ ಕಂತಿನಲ್ಲಿ ಅಪ್ಪಂದಿರು ಮಕ್ಕಳನ್ನು ಹೊಡೆಯುವ ದೃಶ್ಯಗಳು ಕಠಿಣವಾಗಿವೆ. ಅದೊಂದನ್ನು ನೀವೊಬ್ಬರೇ ನೋಡಿ ಮುಗಿಸಿ, ಎರಡನೆಯದರಿಂದ ಅವರನ್ನು ಕರೆಯಿರಿ.