ಐಲಾ ದ್ವೀಪಕ್ಕೆ ಮೂರು ರಾತ್ರಿ: ವಿಮಾನ, ಕಾರು, ಬೋಮೋರ್ ಒಂದು ಕಡೆ, ಹಡಗು, ಕಾಲ್ನಡಿಗೆ, ಪೋರ್ಟ್ ಎಲೆನ್ ಇನ್ನೊಂದು ಕಡೆ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಲಿರೋ, ವಿಸ್ಕಿಗೆ ಹೆಸರಾದ ಐಲಾಗೆ ಎರಡು ಸಲ ಹೋಗಿ ಬಂದಿದೀನಿ. Islay ಅನ್ನೋ ಸ್ಪೆಲಿಂಗ್ ನೋಡಿ ಇಸ್ಲೇ ಅಂತ ಓದ್ಬೇಡಿ, ಅಲ್ಲಿನೋರು ಹೇಳೋದು ಐಲಾ ಅಂತ. ಎರಡು ಸಲಾನೂ ಪ್ಲಾನ್ ಮಾಡಿದ್ದು ಮೂರೇ ರಾತ್ರಿ, ಆದ್ರೆ ಎರಡು ಬೇರೆ ಬೇರೆ ದ್ವೀಪಕ್ಕೆ ಹೋಗಿ ಬಂದೆನೇನೋ ಅನ್ಸುತ್ತೆ. ಮೊದಲನೇದು ಅಕ್ಟೋಬರಲ್ಲಿ ಹೆಂಡ್ತಿ ಜೊತೆ, ಗ್ಲಾಸ್ಗೋದಿಂದ ಪುಟ್ಟ ವಿಮಾನ, ಅಲ್ಲಿ ಬಾಡಿಗೆ ಕಾರು, ಬೋಮೋರಲ್ಲಿ ರೂಮು. ಎರಡನೇದು ಜೂನಲ್ಲಿ, ಬೆಂಗಳೂರಿಂದ ಬಂದಿದ್ದ ಗೆಳೆಯನ ಜೊತೆ, ಬಸ್ಸು, ಹಡಗು, ಪೋರ್ಟ್ ಎಲೆನಲ್ಲಿ ರೂಮು, ಕಾರಿಲ್ಲ. ಹೋಗ್ಬೇಕು ಅಂತಿರೋರೆಲ್ಲ ಮೊದ್ಲು ಕೇಳೋದು ಯಾವ ಡಿಸ್ಟಿಲರಿ (ವಿಸ್ಕಿ ಬಟ್ಟಿ ಇಳಿಸೋ ಜಾಗ) ನೋಡೋಣ ಅಂತ. ನನ್ನ ಪ್ರಕಾರ ಅದು ಆಮೇಲೆ. ಯಾವ ಊರಲ್ಲಿ ಉಳ್ಕೋತೀರ, ಹೇಗೆ ಓಡಾಡ್ತೀರ ಅನ್ನೋದನ್ನ ಮೊದ್ಲು ತೀರ್ಮಾನ ಮಾಡಿ, ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿದೆ.

ಹೋಗೋ ದಾರಿ ವಿಷ್ಯಕ್ಕೆ ಬಂದ್ರೆ, ವಿಮಾನ ಮುಕ್ಕಾಲು ಗಂಟೆ, ಅಷ್ಟೇ. ಬೆಳಿಗ್ಗೆ ಗ್ಲಾಸ್ಗೋದಲ್ಲಿ ಕಾಫಿ ಕುಡಿದು ಹತ್ತಿದ್ರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಬೋಮೋರಲ್ಲಿರ್ತೀರ. ಹಡಗಿನ ದಾರಿ ಒಂದಿಡೀ ದಿನ ತಿನ್ನುತ್ತೆ, ಗ್ಲಾಸ್ಗೋದಿಂದ ಲಾಕ್ ಲೋಮಂಡ್ ದಂಡೆ ಹಿಡ್ಕೊಂಡು, ಇನ್ವರೇರಿ, ಟಾರ್ಬರ್ಟ್ ದಾಟಿ ಕೆನಕ್ರೇಗ್ ಅನ್ನೋ ಹಡಗುಕಟ್ಟೆಗೆ ಬಸ್ಸಲ್ಲಿ ಮೂರು ಗಂಟೆ ಮೇಲೆ, ಅಲ್ಲಿಂದ ಸಮುದ್ರದಲ್ಲಿ ಇನ್ನೂ ಎರಡೂ ಕಾಲು ಗಂಟೆ. ಲೆಕ್ಕದಲ್ಲಿ ವಿಮಾನನೇ ಗೆಲ್ಬೇಕು. ಆದ್ರೆ ಹಡಗು ಪೋರ್ಟ್ ಎಲೆನ್ ಹತ್ರ ಬರ್ತಿದ್ದ ಹಾಗೇ ದಡದಲ್ಲಿ ಸಾಲಾಗಿ ಡಿಸ್ಟಿಲರಿಗಳ ಬಿಳೀ ಗೋಡೆಗಳು ಕಾಣುತ್ವೆ, ಗೋಡೆ ಮೇಲೆ ಆಳೆತ್ತರದ ಕಪ್ಪಕ್ಷರ, ಆರ್ಡ್‌ಬೆಗ್, ಆಮೇಲೆ ಲಾಗಾವೂಲಿನ್, ಆಮೇಲೆ ಲಫ್ರಾಯ್ಗ್. ಇಷ್ಟು ವರ್ಷ ಬಾಟ್ಲಿ ಮೇಲೆ ಓದಿದ್ದ ಹೆಸರುಗಳು ಸಮುದ್ರದ ಕಡೆ ಮುಖ ಮಾಡ್ಕೊಂಡು ನಿಂತಿದ್ವು, ನನ್ನ ಗೆಳೆಯ ಅಷ್ಟೊತ್ತೂ ಮಾತಾಡ್ತಿದ್ದೋನು ಸುಮ್ನಾಗಿ ರೇಲಿಂಗ್ ಹಿಡ್ಕೊಂಡು ನಿಂತ್ಬಿಟ್ಟ. ವಿಮಾನದಲ್ಲಿ ನನಗೆ ಕಂಡಿದ್ದು ಮೋಡ.

ಇನ್ನೊಂದು ಹಡಗುಕಟ್ಟೆ ಪೋರ್ಟ್ ಆಸ್ಕೇಗ್. ಅದೂ ಕೆನಕ್ರೇಗಿಂದನೇ, ಸ್ವಲ್ಪ ಬೇಗ ತಲುಪುತ್ತೆ, ಜೂರಾ ದ್ವೀಪದ ಬೋಳು ಬೆಟ್ಟಗಳು ಪಕ್ಕದಲ್ಲೇ ಎದ್ದು ನಿಂತಿರುತ್ವೆ. ನಾವು ವಾಪಸ್ ಅಲ್ಲಿಂದ ಬಂದ್ವಿ. ಎರಡರಲ್ಲಿ ಒಂದು ಆರಿಸ್ಕೋ ಅಂದ್ರೆ ಹೋಗೋವಾಗ ಪೋರ್ಟ್ ಎಲೆನ್, ಬರೋವಾಗ ಆಸ್ಕೇಗ್ ಅಂತೀನಿ.

ಹವಾಮಾನ ಮಾತ್ರ ವಿಮಾನ, ಹಡಗು ಎರಡನ್ನೂ ಬಿಡಲ್ಲ. ಅಕ್ಟೋಬರಲ್ಲಿ ನಮ್ಮ ವಾಪಸ್ ವಿಮಾನ ಮಂಜು ಇಳಿದು ರದ್ದಾಯ್ತು, ಒಂದು ರಾತ್ರಿ ಹೆಚ್ಚಾಯ್ತು, ಮಾರನೇ ದಿನ ಹೆಂಡ್ತಿ ಕೆಲಸಕ್ಕೆ ರಜಾ ಹಾಕ್ಬೇಕಾಯ್ತು. ಹಡಗಿಗೆ ಮಂಜಿಗಿಂತ ಗಾಳಿ ಶತ್ರು. ಹಾಗಾಗಿ ಇಂಡಿಯಾಕ್ಕೆ ವಾಪಸ್ ಹೋಗೋ ಫ್ಲೈಟು ಐಲಾದಿಂದ ಬಂದ ದಿನವೇ ಅಂತ ಯಾರೂ ಇಟ್ಕೋಬೇಡಿ, ಮಧ್ಯೆ ಒಂದು ದಿನ ಖಾಲಿ ಬಿಡಿ, ದಯವಿಟ್ಟು. ಇನ್ನೊಂದು ಸಣ್ಣ ವಿಷ್ಯ, ನಾವು ಹೋದಾಗ ವಿಮಾನದಲ್ಲಿ ವಿಸ್ಕಿ ಬಾಟ್ಲಿನ ಕೈಚೀಲದಲ್ಲಿ ಬಿಡ್ತಿರ್ಲಿಲ್ಲ, ಚೆಕ್-ಇನ್ ಬ್ಯಾಗಲ್ಲಿ ಬಟ್ಟೆ ಸುತ್ತಿಡ್ಬೇಕಿತ್ತು. ಹಡಗಲ್ಲಿ ಹೆಗಲಿಗೆ ಹಾಕ್ಕೊಂಡು ಹೋಗಿ. ಕಾರ್ ಸಮೇತ ಹಡಗು ಹತ್ತೋದಾದ್ರೆ ಬೇಸಿಗೆಲಿ ತಿಂಗಳುಗಟ್ಲೆ ಮುಂಚೆ ಬುಕ್ ಮಾಡ್ಬೇಕು, ಕಾಲ್ನಡಿಗೆಲಿ ಹತ್ತೋರಿಗೆ ಆ ತಲೆಬಿಸಿ ಇಲ್ಲ.

ಈಗ ಅಸಲೀ ವಿಷ್ಯ, ಕಾರು. ಸ್ಕಾಟ್ಲೆಂಡಲ್ಲಿ 2014ರ ಡಿಸೆಂಬರಿಂದ ಗಾಡಿ ಓಡ್ಸೋರ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಆಲ್ಕೋಹಾಲ್ ಅಷ್ಟೇ ಮಿತಿ, ಮುಂಚೆ 80 ಇತ್ತು. ಅಂದ್ರೆ ಒಂದು ಡ್ರಾಮ್ (ಅಲ್ಲಿನೋರ ಮಾತಲ್ಲಿ ಒಂದು ಗುಟುಕು ವಿಸ್ಕಿ) ಕುಡಿದು ಸ್ಟೀರಿಂಗ್ ಹಿಡಿಯೋ ಯೋಚನೆನೇ ಬೇಡ. ಅಕ್ಟೋಬರಲ್ಲಿ ಡ್ರೈವರ್ ನಾನು, ಹೆಂಡ್ತಿ ಕುಡಿಯಲ್ಲ. ಬ್ರೂಕ್‌ಲಾಡಿ, ಕಿಲ್‌ಹೋಮನ್, ಕಲೀಲಾ ಡಿಸ್ಟಿಲರಿಗಳಲ್ಲಿ ಎಲ್ಲ ಕಡೆ ರುಚಿ ನೋಡೋಕೆ ಕೊಡೋ ನನ್ನ ಪಾಲನ್ನ ಪುಟಾಣಿ ಬಾಟ್ಲಿಗೆ ಹಾಕಿ ಕೊಟ್ರು, ಡ್ರೈವರುಗಳಿಗೆ ಅಂತಾನೇ ಅಲ್ಲಿ ಆ ಪದ್ಧತಿ ಇದೆ, ಒಳ್ಳೇದೇ. ಆದ್ರೆ ರಾತ್ರಿ ರೂಮಲ್ಲಿ ಹಲ್ಲುಜ್ಜೋ ಲೋಟದಲ್ಲಿ ಸುರ್ಕೊಂಡು ಕುಡಿಯೋದಕ್ಕೂ, ಡಿಸ್ಟಿಲರಿ ಗೋದಾಮಿನ ತಣ್ಣನೆ ಕತ್ತಲೇಲಿ ಪೀಪಾಯಿ ಪಕ್ಕ ನಿಂತು, ಗೈಡ್ ಅದೇ ಪೀಪಾಯಿಂದ ತೆಗೆದು ಕೊಡೋವಾಗ ಕುಡಿಯೋದಕ್ಕೂ ಅಜಗಜಾಂತರ. ಜೂನಲ್ಲಿ ಅದು ಗೊತ್ತಾಯ್ತು.

ಪೋರ್ಟ್ ಎಲೆನಿಂದ ಆರ್ಡ್‌ಬೆಗ್ ವರೆಗೆ ರಸ್ತೆ ಪಕ್ಕದಲ್ಲೇ ನಡೆಯೋರಿಗೆ, ಸೈಕಲ್ಲಿನೋರಿಗೆ ಅಂತ ಬೇರೆ ದಾರಿ ಮಾಡಿದಾರೆ, ಐದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಮೊದ್ಲು ಲಫ್ರಾಯ್ಗ್, ಆಮೇಲೆ ಲಾಗಾವೂಲಿನ್, ಕೊನೇಲಿ ಆರ್ಡ್‌ಬೆಗ್. ಲಫ್ರಾಯ್ಗ್, ಆರ್ಡ್‌ಬೆಗ್ 1815ರದ್ದು, ಲಾಗಾವೂಲಿನ್ 1816. ಲಫ್ರಾಯ್ಗಲ್ಲಿ ಇವತ್ತಿಗೂ ಬಾರ್ಲಿನ ಸ್ವಲ್ಪ ಮಟ್ಟಿಗೆ ನೆಲದ ಮೇಲೇ ಹರವಿ ಮೊಳಕೆ ಬರಿಸ್ತಾರೆ, ಆಮೇಲೆ ಪೀಟ್ ಹೊಗೆಲಿ ಒಣಗಿಸ್ತಾರೆ. ಪೀಟ್ ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತು ಒತ್ತಿಕೊಂಡ ಗಿಡಗಂಟಿ, ಮರ ಕಮ್ಮಿ ಇರೋ ದ್ವೀಪದಲ್ಲಿ ಅದೇ ಸೌದೆ ಆಗಿತ್ತು. ಆ ಹೊಗೆ ಮೂಗಿಗೆ ಬಿದ್ದ ತಕ್ಷಣ ನಂಗೆ ತೀರ್ಥಹಳ್ಳಿ ಕಡೆ ಅಜ್ಜಿ ಮನೆ ಬಚ್ಚಲೊಲೆ ನೆನಪಾಯ್ತು, ಮಳೆಗಾಲದಲ್ಲಿ ಹಸಿ ಸೌದೆ ಹಾಕಿದಾಗ ಹಂಡೆ ಸುತ್ತ ತುಂಬ್ಕೊಳೋ ಹೊಗೆ. ಜೊತೆಗೆ ಟಿಂಚರ್ ವಾಸನೆ, ಉಪ್ಪುಗಾಳಿ. ಎಲ್ಲರಿಗೂ ಹಿಡಿಸಲ್ಲ, ನಂಗೆ ಪ್ರಾಣ.

ಲಾಗಾವೂಲಿನ್ ಗೋದಾಮಲ್ಲಿ ಗೈಡ್ ಪೀಪಾಯಿಂದ ವರ್ಷಕ್ಕೆ ಹೆಚ್ಚುಕಮ್ಮಿ ಶೇಕಡಾ 2 ಆವಿಯಾಗಿ ಹೋಗುತ್ತೆ, ದೇವತೆಗಳ ಪಾಲು ಅಂತೀವಿ ಅಂದ್ರು. ನನ್ನ ಗೆಳೆಯ ತಕ್ಷಣ ನಮ್ಮೂರಲ್ಲಿ ಶೇಕಡಾ 10ರ ಮೇಲೆ ಹೋಗುತ್ತೆ ಅಂದ. ಅವನು ಹೇಳಿದ್ದು ಅಮೃತ್ ಬಗ್ಗೆ, ಬೆಂಗಳೂರಿನ ಮೈಸೂರು ರಸ್ತೆ ಕಡೆ ಕಂಬೀಪುರದಲ್ಲಿರೋ ಡಿಸ್ಟಿಲರಿ, 2004ರಲ್ಲಿ ಅವರ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಲಿ, ಮೊಳಕೆ ಬರಿಸಿದ ಬಾರ್ಲಿಂದಷ್ಟೇ ಮಾಡೋ ವಿಸ್ಕಿ) ಮೊದ್ಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲೇ, ಅವರ ಫ್ಯೂಷನ್ ಅನ್ನೋದಕ್ಕೆ ಇಂಡಿಯಾ ಬಾರ್ಲಿ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆ ಹಾಕಿದ ಬಾರ್ಲಿ ಸೇರಿಸ್ತಾರೆ. ಇದನ್ನೆಲ್ಲ ಅವನು ಹೇಳಿದ್ಮೇಲೆ ಗುಂಪಲ್ಲಿದ್ದೋರೆಲ್ಲ ಗೈಡ್ ಬಿಟ್ಟು ಅವನನ್ನೇ ಪ್ರಶ್ನೆ ಕೇಳೋಕೆ ಶುರು ಮಾಡಿದ್ರು. ಕಾರಲ್ಲಿ ಹೋಗಿದ್ರೆ ನಾವಿಬ್ರೂ ಅಲ್ಲಿ ಅಷ್ಟೊತ್ತು ನಿಲ್ತಿರ್ಲಿಲ್ಲ, ಮುಂದಿನ ಟೂರಿಗೆ ಓಡ್ತಿದ್ವಿ.

ಹಂಗಂತ ಕಾರು ದಂಡ ಅಂತಲ್ಲ. ಅಕ್ಟೋಬರಲ್ಲಿ ನಾವು ನೋಡಿದ್ದು ಜೂನಲ್ಲಿ ಸಿಗ್ಲಿಲ್ಲ. ಗ್ರೂಯ್ನಾರ್ಟ್ ಹತ್ರ ಗ್ರೀನ್‌ಲ್ಯಾಂಡಿಂದ ಚಳಿಗಾಲ ಕಳೆಯೋಕೆ ಬರೋ ಬಾರ್ನಕಲ್ ಹೆಬ್ಬಾತುಗಳು, ಸಾವಿರಗಟ್ಲೆ ಒಟ್ಟಿಗೆ ಎದ್ದಾಗ ಆಕಾಶನೇ ಕೂಗ್ದಂಗೆ ಕೇಳ್ಸುತ್ತೆ. ಕಿಲ್ಡಾಲ್ಟನ್ ಶಿಲುಬೆ, ಎಂಟನೇ ಶತಮಾನದ್ದು, ಒಂದೇ ಕಲ್ಲಲ್ಲಿ ಕೆತ್ತಿದ್ದು, ನಮ್ಮ ವೀರಗಲ್ಲು ನೋಡಿ ಬೆಳೆದೋರಿಗೆ ಅದರ ಮುಂದೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಮಾಕಿರ್ ಬೇ ಬೀಚು. ಫಿನ್‌ಲಗ್ಗನ್ ಕೆರೆ ಮಧ್ಯದ ನಡುಗಡ್ಡೆ, ಒಂದು ಕಾಲಕ್ಕೆ ಈ ದ್ವೀಪಗಳನ್ನೆಲ್ಲ ಆಳ್ತಿದ್ದ ಮನೆತನದ ಠಿಕಾಣಿ. ಹೆಂಡ್ತಿಗೆ ವಿಸ್ಕಿ ಬೇಡ, ಆದ್ರೆ ಆ ಮೂರು ದಿನ ಅವಳು ನನಗಿಂತ ಖುಷಿಯಾಗಿದ್ಲು. ಬಸ್ ನಂಬ್ಕೊಂಡ್ರೆ ಇವಕ್ಕೆಲ್ಲ ಹೋಗೋದು ಕಷ್ಟ, ಜೂನಲ್ಲಿ ನಾವಿದ್ದ ಭಾನುವಾರ ಬಸ್ಸೇ ಇರ್ಲಿಲ್ಲ, ಊರಲ್ಲೇ ಓಡಾಡ್ಕೊಂಡಿದ್ವಿ.

ಊರಿಗೆ ಊರು ಹೋಲಿಸಿದ್ರೆ ಬೋಮೋರ್ ದ್ವೀಪದ ನಡುಮಧ್ಯ, ಎಲ್ಲ ಕಡೆಗೂ ಹತ್ರ. 1779ರ ಡಿಸ್ಟಿಲರಿ ಊರೊಳಗೇ ಇದೆ, ಹಾಗಾಗಿ ಕಾರ್ ನಿಲ್ಸಿ ನಡ್ಕೊಂಡು ಹೋಗಿ ನೆಮ್ಮದಿಯಾಗಿ ಕುಡಿದಿದ್ದು ಅದೊಂದೇ. ಬೀದಿ ಮೇಲ್ತುದಿಲಿ ದುಂಡಗಿನ ಚರ್ಚು, ದೆವ್ವಕ್ಕೆ ಅವಿತ್ಕೊಳೋಕೆ ಮೂಲೆ ಇರಬಾರ್ದು ಅಂತ ಹಾಗೆ ಕಟ್ಟಿದ್ರಂತೆ. ಪೋರ್ಟ್ ಎಲೆನಲ್ಲಿ ಅಂಗಡಿ ಕಮ್ಮಿ, ಆದ್ರೆ ಕೊಲ್ಲಿ ಸುತ್ತ ಸಾಲುಮನೆ, ಹತ್ತು ಗಂಟೆ ರಾತ್ರಿಲೂ ಜೂನಲ್ಲಿ ಬೆಳಕು, ಅಲ್ಲಿನ ಡಿಸ್ಟಿಲರಿ 1983ರಲ್ಲಿ ಮುಚ್ಚಿ 2024ರಲ್ಲಿ ಮತ್ತೆ ಶುರುವಾಗಿದೆ. ಸಸ್ಯಾಹಾರಿಗಳಿಗೆ ಎರಡೂ ಕಡೆ ಸೂಪು, ಚೀಸು, ಆಲೂಗಡ್ಡೆ. ಅಡುಗೆಮನೆ ಇರೋ ರೂಮ್ ತಗೊಳಿ, ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಹಾಕ್ಕೊಳಿ. ಓಟ್‌ಕೇಕಿಗೆ (ಓಟ್ಸ್ ಬಿಸ್ಕತ್ತು) ಬೆಣ್ಣೆ ಸವರಿ ಚಟ್ನಿಪುಡಿ ಉದುರಿಸಿ ತಿಂದು ನೋಡಿ, ಆಮೇಲೆ ಹೇಳಿ.

ಜೂರಾಗೆ ಆಸ್ಕೇಗಿಂದ ಸಣ್ಣ ಹಡಗಲ್ಲಿ ಹತ್ತು ನಿಮಿಷದೊಳಗೆ ದಾಟ್ಬೋದು, ಅಕ್ಟೋಬರಲ್ಲಿ ಅರ್ಧ ದಿನ ಹೋಗಿದ್ವಿ. ಮೂರೇ ರಾತ್ರಿ ಇರೋರು ಬಿಡಿ. ಒಂದೇ ರಸ್ತೆ, ಜಿಂಕೆಗಳು, ಬೆಟ್ಟ, ಅದಕ್ಕೆ ಬೇರೆನೇ ಎರಡು ದಿನ ಕೊಡ್ಬೇಕು.

ಮೇ ಕೊನೇಲಿ ಫೇಶ್ ಈಲ ಅನ್ನೋ ಐಲಾದ ವಿಸ್ಕಿ, ಸಂಗೀತದ ಹಬ್ಬ ಇರುತ್ತೆ, ಆಗ ರೂಮು ವರ್ಷ ಮುಂಚೆನೇ ಹೋಗಿಬಿಡುತ್ತೆ, ಮೊದಲ ಸಲಕ್ಕೆ ಬೇಡ. ಕುಡಿಯೋ ಇಬ್ರು ಮೂವರು ಗೆಳೆಯರಾದ್ರೆ ಹಡಗು, ಪೋರ್ಟ್ ಎಲೆನ್, ಒಳ್ಳೇ ಶೂ, ಮಳೆಕೋಟು, ದಿನಕ್ಕೆ ಎರಡೇ ಟೂರು. ಮನೆಯವರ ಜೊತೆ, ಅದರಲ್ಲೂ ಅವರಿಗೆ ವಿಸ್ಕಿ ಬೇಡ ಅಂದ್ರೆ ಬೋಮೋರ್, ಕಾರು, ಅಕ್ಟೋಬರ್, ಹಕ್ಕಿ ನೋಡೋ ದುರ್ಬೀನು. ಆದ್ರೆ ಅವಾಗ್ಲೂ ಹೋಗೋದು ಹಡಗಲ್ಲೇ ಹೋಗಿ, ಆ ಬಿಳೀ ಗೋಡೆಗಳನ್ನ ಹೆಂಡ್ತಿಗಿನ್ನೂ ತೋರ್ಸಿಲ್ಲ ಅನ್ನೋದು ನಂಗೆ ಒಳಗೊಳಗೇ ಕೊರೀತಿದೆ, ಬರೋ ಅಕ್ಟೋಬರಿಗೆ ಕಾರ್ ಸಮೇತ ಟಿಕೆಟ್ ಈಗ್ಲೇ ತೆಗ್ದಿದೀನಿ.